ಕಾಲಿಗೆ ಕಟ್ಟಿದ ತೂಕ

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮೇಷ್ಟ್ರೇ, ಮೂಳೆ ಕೂಡಿಕೊಳ್ಳೋದು ಹಾಗಿರಲಿ, ಸಾಲಿಗೇ ಬಂದಿಲ್ಲ. ಅಯ್ಯೋ ಪಾಪ ಅಂತ ಯಾರೋ ತೂಕ ಎತ್ತಿ ಇಡ್ತಿದ್ದಾರೆ. ಶನಿವಾರ ಮತ್ತೆ ನೋಡೋಣ. ಆಗಲೂ ಹೀಗೇ ಇದ್ದರೆ ಆಪರೇಷನ್ ಮಾಡಲೇಬೇಕು. ನಿಮ್ಮ ತಾಯಿಯ ಹೃದಯ ಅದನ್ನ ತಡ್ಕೊಳ್ಳುತ್ತೆ ಅಂತ ನಾನು ಹೇಳಲಾರೆ."

ಮೇಷ್ಟ್ರು ಅಕ್ಕನ ಕಡೆ ತಿರುಗಿದರು. ಆಳು ಕಡ್ಡಿಯಂತಿದ್ದರೂ, ವರ್ಷವರ್ಷವೂ ಭೌತಶಾಸ್ತ್ರದ ತರಗತಿಯಲ್ಲಿ ಬಲದ ಪಾಠ ಮಾಡಿ ಮಾಡಿ ಹುಡುಗರ ಬಾಯಲ್ಲಿ 'ಬಲಭೀಮ' ಎನಿಸಿಕೊಂಡವರು. ಅಮ್ಮ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಿದ್ದಳು. ಮೂಳೆಯನ್ನು ಎಳೆದು ಸಾಲಿಗೆ ತರಲೆಂದು ಕಾಲಿಗೆ ಪಟ್ಟಿ ಸುತ್ತಿ, ಅದಕ್ಕೆ ಬಿಗಿದ ಹಗ್ಗವನ್ನು ಆಸ್ಪತ್ರೆಯ ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ನೆಲದಿಂದ ಗೇಣೆತ್ತರದಲ್ಲಿ ಕಬ್ಬಿಣದ ತೂಕ ತೂಗಬಿಟ್ಟಿದ್ದರು. ಹಗಲಿಗೆ ಅಕ್ಕ ಕಾವಲು, ಸಂಜೆಗೆ ಮೇಷ್ಟ್ರು.

"ನಿನ್ನ ಕರುಳು ಬೆಣ್ಣೆ ಅಂತ ಗೊತ್ತು ಕಣೇ ಅಕ್ಕ. ಆದರೆ ಇದು ಕರುಳಿನ ಕೆಲಸ ಅಲ್ಲ."

"ದೇವರಾಣೆಗೂ ನಾನು ಬೆರಳು ಸೋಕಿಸಿಲ್ವೋ!"

"ಹಾಗಾದರೆ ತೂಕಕ್ಕೆ ರೆಕ್ಕೆ ಬಂತಾ?"

ಅಮ್ಮ ಮಲಗಿದಲ್ಲಿಂದಲೇ ತೀರ್ಪು ಕೊಟ್ಟಳು. "ಅವಳನ್ನ ಮನೆಗೆ ಕಳ್ಸೋ ಮಗಾ. ಅವಳು ಪಕ್ಕದಲ್ಲಿ ಕೂತಷ್ಟು ಹೊತ್ತೂ ಜೀವ ಹಿಡಿದು ಎಳೆದಂಗಾಗುತ್ತೆ. ನೀನು ಬಂದು ಕೂತ್ಯೋ, ಎಲ್ಲಾ ಹಗುರ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಫ್ಲಾಸ್ಕು ಎತ್ತಿಕೊಂಡು ಹೊರಟುಹೋದಳು.

ಮೇಷ್ಟ್ರು ಕಾಲೇಜಿಗೆ ರಜೆ ಹಾಕಿದರು. 'ಈ ತೂಕವನ್ನು ಯಾರೂ ಮುಟ್ಟಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ದಿನಾ ಡಾಕ್ಟರು ಬಂದುಹೋದ ಮೇಲೆ ಬರುವುದು, ಪುಸ್ತಕ ತುಂಬಿ ಉಬ್ಬಿದ ಚೀಲವನ್ನು, ಓಡಾಡುವವರು ಎಡವದಿರಲಿ ಎಂದು, ಮಂಚದ ತುದಿಗೆ ಇಳಿಬಿದ್ದ ಹೊದಿಕೆಯ ಮರೆಗೆ ಕಾಲಿನಿಂದ ಒತ್ತಿ ತಳ್ಳುವುದು, ಸ್ಟೂಲೆಳೆದು ಕೂರುವುದು. ಕೂತದ್ದೇ ತಡ ಅಮ್ಮನ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ಎಳವೆಯಲ್ಲಿ ಕೇಳಿ ಕಲಿತ ಪದ್ಯಗಳು ಒಂದರ ಬಾಲ ಹಿಡಿದು ಇನ್ನೊಂದು ನಾಲಿಗೆಗೆ ಬರುತ್ತಿದ್ದವು. ಸಂಜೆ ಅವರು ಚೀಲ ಎತ್ತಿಕೊಂಡು ಎದ್ದರೆ ಸಾಕು, ಪದ್ಯದ ನಡುವೆಯೇ "ಹೊರಟ್ಯೇನೋ, ಅಯ್ಯೋ!" ಎಂದು ನರಳುತ್ತಿದ್ದಳು.

"ಹೆತ್ತ ಕರುಳು ನೋಡಿ," ಎಂದರು ಮೇಷ್ಟ್ರು ಪಕ್ಕದ ಮಂಚದವರಿಗೆ. "ಎಲ್ಲ ಬಲವನ್ನೂ ಅಳೀಬಹುದು. ಇದೊಂದನ್ನ ಅಳೆಯೋ ಉಪಕರಣ ಇನ್ನೂ ಹುಟ್ಟಿಲ್ಲ."

ಶುಕ್ರವಾರ ಸಂಜೆ ಅಕ್ಕ ತಡೆಯಲಾರದೆ ಬಂದು ಬಾಗಿಲಲ್ಲಿ ನಿಂತಳು. "ನಾಳೆ ಎಕ್ಸ್‌ರೇ ಅಲ್ವಾ, ಒಂದು ಸಲ ಮುಖ ನೋಡ್ಕೊಂಡು ಹೋಗ್ತೀನಿ."

"ಬಾ, ಕೂತ್ಕೋ. ನೀನು ಏನು ಮಾಡಿದೆ ಅಂತ ನಿನಗೇ ಗೊತ್ತಿಲ್ಲ," ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. "ತೂಕ ಈ ಕಡೆ ಎಳೆಯುತ್ತೆ. ಅದಕ್ಕೊಂದು ಆಸರೆ ಸಿಕ್ಕಿತು ಅನ್ನು, ಎಳೆತ ಸತ್ತಹಾಗೆ. ಇರು, ಚಿತ್ರ ಬರೆದು ತೋರಿಸ್ತೀನಿ." ಕಾಗದಕ್ಕೆಂದು ಬಗ್ಗಿ ಚೀಲವನ್ನು ಹೊರಗೆಳೆದರು.

ರಾಟೆ ಕಿರ್ರೆಂದಿತು. ಸಡಿಲವಾಗಿದ್ದ ಹಗ್ಗ ಸೆಟೆದು ನಿಂತಿತು. ಅಮ್ಮ ಹೇಳುತ್ತಿದ್ದ ಪದ್ಯ ಎರಡನೆಯ ಸಾಲಿನಲ್ಲೇ ತುಂಡಾಗಿ, "ಅಯ್ಯಯ್ಯೋ!" ಎಂಬ ಕೂಗು ಬಂತು. ಹೊದಿಕೆ ಸರಿಸಿ ನೋಡಿದರೆ, ನೆಲದಿಂದ ಗೇಣೆತ್ತರದಲ್ಲಿ ತೂಕ ಮೆಲ್ಲಗೆ ಓಲಾಡುತ್ತಿತ್ತು. ಕೈಯಲ್ಲಿದ್ದ ಚೀಲದ ನೆತ್ತಿಯ ಮೇಲೆ ಅಷ್ಟೇ ಅಗಲದ, ದುಂಡನೆಯ ಗುಳಿ.

ಪ್ರಯೋಗವನ್ನು ಇನ್ನೊಂದು ಸಲ ಮಾಡಿ ನೋಡುವ ಅಗತ್ಯ ಮೇಷ್ಟ್ರಿಗೆ ಬೀಳಲಿಲ್ಲ. ಅಕ್ಕನೂ ಗುಳಿಯನ್ನು ನೋಡಿದಳು, ತಮ್ಮನ ಮುಖವನ್ನೂ ನೋಡಿದಳು. ಹೋಗಿ ಅಮ್ಮನ ತಲೆ ನೇವರಿಸತೊಡಗಿದಳು.

"ಏನೋ ಮಾಡಿದೆ? ಮೊದಲಿನ ಹಾಗೇ ಕೂತ್ಕೊಳೋ ಮಗಾ," ಎಂದು ಅಮ್ಮ ಅಂಗಲಾಚಿದಳು.

ಮೇಷ್ಟ್ರು ಕೂತರು. ಚೀಲವನ್ನು ಎರಡೂ ಕೈಯಿಂದ ತೊಡೆಯ ಮೇಲೆ ಅವುಚಿಕೊಂಡು, ಹಗ್ಗವನ್ನೇ ನೋಡುತ್ತ ಕೂತರು.

ಸ್ವಲ್ಪ ಹೊತ್ತು ಕಾದು ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ನೀನೂ ನಿಮ್ಮಕ್ಕನ ಥರಾನೇ ಆಗ್ಬಿಟ್ಟೆ."