ಗೇಟಿನವನ ನಿದ್ದೆ

ಮುಚ್ಚಿಹೋದ ರೈಲುದಾರಿಯ ಚರಿತ್ರೆ ಬರೆಯುತ್ತಿದ್ದ ಮೇಷ್ಟ್ರು ಕೊನೆಯ ಪುಟ ಓದಿ ಮುಗಿಸುವಷ್ಟರಲ್ಲಿ ಸೈಕಲ್ ರಿಪೇರಿಯವನ ಮುಖ ಕಪ್ಪಿಟ್ಟಿತ್ತು. ‘ಗೇಟಿನವನು ನಿದ್ದೆ ಹೋಗಿದ್ದರಿಂದ ಹಾಲಿನ ಗಾಡಿಯವನು ರೈಲಿಗೆ ಸಿಕ್ಕಿ ಸತ್ತ. ಮೊದಲೇ ನಷ್ಟದಲ್ಲಿದ್ದ ಲೈನಿಗೆ ಅದೇ ನೆಪವಾಗಿ, ವರ್ಷ ತುಂಬುವುದರೊಳಗೆ ಹಳಿ ಕಿತ್ತರು.’ ಆ ಗೇಟಿನವನು ಇವನ ಅಪ್ಪ.

“ಅದೊಂದು ಸಾಲು ಬಿಟ್ಟುಬಿಡಿ ಮೇಷ್ಟ್ರೇ. ಐವತ್ತು ವರ್ಷದಿಂದ ನಾನು ಈ ಊರಿಗೆ ನಿದ್ದೆಗಣ್ಣನ ಮಗ. ಪುಸ್ತಕದಲ್ಲೂ ಬಂದ್ರೆ ನಾಳೆ ಮೊಮ್ಮಕ್ಕಳು ಓದ್ತಾರೆ.”

“ವಿಚಾರಣೆಯಲ್ಲಿ ನಿಮ್ಮ ತಂದೆಯೇ ಒಪ್ಪಿ ಸಹಿ ಹಾಕಿದ್ದಾರಲ್ಲಪ್ಪ. ಇದ್ದದ್ದನ್ನ ಬಿಟ್ಟು ಬರೆದ್ರೆ ಅದು ಚರಿತ್ರೆ ಆಗತ್ತಾ?”

ಅದೂ ಸರಿಯೇ. ಆಡುವ ಬಾಯಿಗೇ ಬೀಗ ಹಾಕಲಾಗದು, ಇನ್ನು ಸಹಿ ಬಿದ್ದ ಕಾಗದಕ್ಕೆ ಹಾಕುವುದುಂಟೇ? ಮಗನಿಗೆ ಅಪ್ಪನ ಮೇಲಿನ ಹಳೆಯ ಸಿಟ್ಟು ಮತ್ತೆ ಉಕ್ಕಿತು. ಕೆಲಸ ಕಳೆದುಕೊಂಡ ಮೇಲೂ ಆ ಮನುಷ್ಯ ಹದಿನೆಂಟು ವರ್ಷ ಬದುಕಿದ್ದ. ಅಷ್ಟೂ ವರ್ಷ ಮಗ ಅವನ ಜೊತೆ ನೆಟ್ಟಗೆ ಒಂದು ಮಾತಾಡಿರಲಿಲ್ಲ. ಕೊನೆಗಾಲದಲ್ಲಿ ನೀರು ಕುಡಿಸಿದ್ದೂ ಮುಖ ತಿರುಗಿಸಿಕೊಂಡೇ.

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅಮ್ಮ ಮೊರ ಪಕ್ಕಕ್ಕೆ ಸರಿಸಿದಳು. ಎಂಬತ್ತು ದಾಟಿದ ಜೀವ.

“ಬರ್ಕೊಳ್ಳಿ ಮೇಷ್ಟ್ರೇ. ಅವತ್ತು ಗೇಟು ನನ್ನ ಕೈಲಿತ್ತು.”

ಮೇಷ್ಟ್ರು ಪೆನ್ನು ತೆಗೆದು ಹೊಸ ಹಾಳೆ ತಿರುಗಿಸಿದರು.

“ಹಗಲೂ ರಾತ್ರಿ ಒಬ್ಬರೇ ಕಾಯಕ್ಕೆ ಅವರೇನು ಕಬ್ಬಿಣದವರಾ? ರಾತ್ರಿ ಗಂಡ, ಹಗಲು ಹೆಂಡತಿ. ಆ ಲೈನಿನ ಅಷ್ಟೂ ಗೇಟು ನಡೀತಿದ್ದಿದ್ದೇ ಹಾಗೆ. ಮೇಲಿನವರಿಗೂ ಗೊತ್ತು, ಕಂಡೂ ಕಾಣದ ಹಾಗೆ ಇರೋರು. ಅವತ್ತೂ, ನೀವು ಮಲಕ್ಕೊಳ್ಳಿ, ನಾನಿದೀನಿ ಅಂದೆ. ಹಿಂದಿನ ದಿನದ ಗಾಳಿಗೆ ತಂತಿ ಹರಿದು, ರೈಲು ಬರ್ತಿದೆ ಅಂತ ತಿಳಿಸೋ ಗಂಟೆ ಕೆಟ್ಟಿತ್ತು. ಗಂಟೆ ಇಲ್ಲ ಅಂದ್ರೆ ಗಡಿಯಾರ ನೋಡಿ ಗೇಟು ಹಾಕ್ಬೇಕು, ಅದು ರೂಲು. ಆದ್ರೆ ಬೆಳಗಿನ ರೈಲು ನಾನು ಮದುವೆಯಾಗಿ ಬಂದಾಗಿಂದ ಮುಕ್ಕಾಲು ಗಂಟೆ ಲೇಟೇ. ಹಾಲಿನವನು ಗಾಡಿ ನಿಲ್ಲಿಸಿ ಕೇಳಿದ, ದಾಟಲಾ ಅಕ್ಕ ಅಂತ. ಇನ್ನೂ ಬೇಕಾದಷ್ಟು ಹೊತ್ತಿದೆ, ಹೋಗಪ್ಪ ಅಂದೆ.” ಅವಳ ದನಿ ಇಳಿಯಿತು. “ಅವತ್ತೊಂದು ದಿನ ರೈಲು ಹೊತ್ತಿಗೆ ಸರಿಯಾಗಿ ಬಂತು.”

ಮೇಷ್ಟ್ರ ಪೆನ್ನು ನಿಂತಿತ್ತು. “ಮತ್ತೆ ಅವರು ಯಾಕೆ ಹಾಗೆ ಬರೆದುಕೊಟ್ಟರು?”

“ಹೆಂಡತಿ ಕೈಗೆ ಗೇಟು ಕೊಟ್ಟಿದ್ದೆ ಅಂದಿದ್ರೂ ಅವರ ಕೆಲಸ ಹೋಗೋದೇ. ಜೊತೆಗೆ ನಾನು ಜೈಲಿಗೆ. ಅದಕ್ಕೇ, ಕಾಯೋ ಹೊತ್ತಲ್ಲಿ ಮಲಗಿಬಿಟ್ಟೆ ಅಂತ ತಾವೇ ತಲೆ ಕೊಟ್ರು.”

ಮಗನಿಗೆ, ಅಪ್ಪ ತಟ್ಟೆಯ ಮುಂದೆ ಕೂತಾಗ ತಾನು ಎದ್ದು ಹೋಗುತ್ತಿದ್ದದ್ದು, ತನ್ನ ಮದುವೆಯಲ್ಲಿ ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದು, ಒಂದೊಂದೇ ನೆನಪಾಗಿ ಸಂಕಟವಾಯಿತು.

“ಊರಿಗೆ ಬೇಡ, ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ ಅಮ್ಮ?”

“ಎಷ್ಟು ಸಲ ಬಾಯಿ ತೆಗೆದೆನೋ. ಅವರು ಬಿಡಲಿಲ್ಲ.” ಅಮ್ಮ ಮಗನ ಮುಖ ನೋಡದೆ ಹೇಳಿದಳು. “ಅಪ್ಪ ಅಂತೂ ಅವನಿಗೆ ಇಲ್ಲದ ಹಾಗಾಯ್ತು, ಅಮ್ಮ ಒಬ್ಬಳಾದ್ರೂ ಉಳೀಲಿ, ಸುಮ್ನಿರೇ ಅಂತಿದ್ರು.”