ಕಾಗದದ ಹೂವಿನ ಬುಡ

“ಇದನ್ನ ಯಾರು ನೆಟ್ಟಿದ್ದು, ಅಮ್ಮಾ?” ರಾಮನಾಥ ಆದಷ್ಟು ಉದಾಸೀನವಾಗಿ ಕೇಳಿದರು. ಕಣ್ಣು ಮಾತ್ರ ಗಿಡದ ಬುಡ ಬಿಟ್ಟು ಕದಲಲಿಲ್ಲ.

ಅಂಥ ಬುಡ ಅವರು ಕಂಡಿರಲಿಲ್ಲ. ಆನೆಯ ಕಾಲಿನಂಥ ದಪ್ಪ, ಹಗ್ಗ ಹೊಸೆದಂಥ ತಿರುವು. ಕೈಗಾ ಅಣುಸ್ಥಾವರದ ಕೆಲಸದಿಂದ ನಿವೃತ್ತರಾದ ಮೇಲೆ ಕಾರವಾರದ ಮನೆಯ ತಾರಸಿ ತುಂಬ ಬೋನ್ಸಾಯ್, ಅಂದರೆ ಕುಂಡದ ಕುಬ್ಜ ಮರಗಳನ್ನು, ಬೆಳೆಸಿದವರು ಅವರು. ಎಲ್ಲವೂ ಪೆನ್ಸಿಲ್ ದಪ್ಪದವು. “ಇವು ಬೋನ್ಸಾಯಲ್ಲ, ಹೊಟ್ಟೆಗಿಲ್ಲದ ಗಿಡಗಳು,” ಎಂದು ಹೆಂಡತಿ ಹೀರಾ ನಗುತ್ತಿದ್ದಳು. ಇವತ್ತು ಅಗಸೂರಿನಲ್ಲಿ ಗೆಳೆಯನ ಮಗಳ ಮದುವೆ ಊಟ ಮುಗಿಸಿ ಹೊರಟಾಗ ರಸ್ತೆ ಪಕ್ಕದ ಅಂಗಳದಲ್ಲಿ ಈ ಕಾಗದದ ಹೂವಿನ ಪೊದೆ ಕಂಡಿತ್ತು. ಕಾರಿನ ಡಿಕ್ಕಿಯಲ್ಲಿ ಗುದ್ದಲಿ, ಗರಗಸ ಸದಾ ಇರುತ್ತಿದ್ದವು. ಹೀರಾ ಜೊತೆಗಿರಲಿಲ್ಲ, ಅದೇ ಧೈರ್ಯ.

ಬೇಲಿ ಬಳಿ ಬಿದ್ದ ಹೂಗಳನ್ನು ಮುದುಕಿಯೊಬ್ಬಳು ಗುಡಿಸುತ್ತಿದ್ದಳು. “ಯಾರು ನೆಟ್ರೋ, ಅವರ ಕೈ ಸೇದಿಹೋಗ್ಲಿ. ಬೆಳಗಾದ್ರೆ ಇದರ ಕಸ ಬಳಿಯೂದೇ ಆಯ್ತು ನಂಗೆ.”

ರಾಮನಾಥ ಬಗ್ಗಿ ಬುಡವನ್ನು ಮತ್ತೊಮ್ಮೆ ನೋಡಿದರು. ಬೋನ್ಸಾಯ್ ಬಲ್ಲವರು ಕಂಡರೆ ಇಂಥ ದಪ್ಪ ಬುಡಕ್ಕಾಗಿ ಹೊಡೆದಾಡುತ್ತಾರೆ; ಮುದುಕಿಗೆ ಬರೀ ಕಸ. ಹೇಳಿಬಿಡುವುದು ಧರ್ಮ. ಧರ್ಮವನ್ನು ಅವರು ಗಂಟಲಲ್ಲೇ ತಡೆದರು.

“ಪಾಪ, ಈ ವಯಸ್ಸಲ್ಲಿ ನಿಮಗ್ಯಾಕೆ ತ್ರಾಸು? ನಾನೇ ಕಿತ್ತು ಒಯ್ಯಲೇ?”

ಮುದುಕಿ ರಸ್ತೆಯ ಆ ತುದಿ ಈ ತುದಿ ನೋಡಿದಳು. “ನಂದೇನೂ ಅಡ್ಡಿಲ್ಲ, ಒಡೆಯರೆ. ಬೇಗ ಮುಗಿಸ್ಕಳಿ. ಹೊತ್ತು ಇಳೀತದೆ.”

ಜರಿ ಪಂಚೆ ಎತ್ತಿ ಕಟ್ಟಿ ರಾಮನಾಥ ಕೆಲಸಕ್ಕಿಳಿದರು. ಮೊದಲು ಕೊಂಬೆ ಸವರಿದರು. ಮುಳ್ಳು ಮದುವೆಯ ಅಂಗಿಯನ್ನು ಹರಿಯಿತು. ಸುತ್ತ ಅಗೆದರು, ದಪ್ಪ ಬೇರುಗಳನ್ನು ಕೊಯ್ದರು. ಮುದುಕಿ ಕಸಬರಿಗೆ ಊರಿ ನಿಂತು ಉಸ್ತುವಾರಿ ನಡೆಸಿದಳು.

“ಆ ಬೇರೂ ತೆಗೀರಿ. ಒಂದೆಳೆ ಉಳಿದ್ರೂ ಮತ್ತೆ ಚಿಗೀತದೆ, ಹಾಳಾದ್ದು.”

ಬಾಯಾರಿತು. ನೀರು ಕೇಳಿದರು. ಮುಂಬಾಗಿಲಿಗೆ ಬೀಗವಿತ್ತು. ಮುದುಕಿ ಹಿತ್ತಲ ಕಡೆ ಸುತ್ತಿಹೋಗಿ ಶುಂಠಿ ಹಾಕಿದ ಮಜ್ಜಿಗೆಯನ್ನೇ ತಂದಳು. ಒಂದು ಗುಟುಕಿಗೇ ರಾಮನಾಥರಿಗೆ ನಾಚಿಕೆಯಾಯಿತು. ಮೋಸಹೋಗುತ್ತಿರುವವಳ ಕೈಯ ಮಜ್ಜಿಗೆ!

“ಅಮ್ಮಾ, ನಿಜ ಹೇಳ್ತೇನೆ. ಇದು ಭಾರೀ ಬೆಲೆಬಾಳುವ ಬುಡ. ಬೇಡ ಅಂದ್ರೆ ಇಲ್ಲೇ ಬಿಡ್ತೇನೆ.”

“ಬಿಡೂದಾ?” ಮುದುಕಿ ಗಾಬರಿಯಾದಳು. “ದೇವರು ಕಳಿಸಿದ ಹಾಗೆ ಬಂದೀರಿ. ಒಯ್ರಿ, ಒಯ್ರಿ!” ಎನ್ನುತ್ತ ತಾನೇ ಗೋಣಿಚೀಲದ ಒಂದು ತುದಿ ಹಿಡಿದಳು.

ಎಂಥ ದೊಡ್ಡ ಮನಸ್ಸು! ರಾಮನಾಥರ ಕಣ್ಣು ಒದ್ದೆಯಾಯಿತು. ಗೋಣಿ ಸುತ್ತಿದ ಬುಡವನ್ನು ಬಾಣಂತಿಯ ಹಾಗೆ ಹಿಂದಿನ ಸೀಟಿನಲ್ಲಿ ಮಲಗಿಸಿ ಬಾಗಿಲು ಹಾಕುವಷ್ಟರಲ್ಲಿ ಬೈಕೊಂದು ಅಂಗಳಕ್ಕೆ ಬಂತು. ಮನೆಯ ಬೀಗದಕೈ ಹಿಡಿದು ಇಳಿದ ಯುವಕ ಹೊಂಡ ನೋಡಿ ನಿಂತೇಬಿಟ್ಟ.

“ಯಾರ್ರೀ ನೀವು? ನಮ್ಮ ಗಿಡ ಎಲ್ಲಿ?”

“ಸಿಟ್ಟಾಗಬೇಡಿ. ನಿಮ್ಮ ಅಮ್ಮನೇ ಸಂತೋಷದಿಂದ ಕೊಟ್ಟರು.” ಸಾಕ್ಷಿಗೆಂದು ರಾಮನಾಥ ತಿರುಗಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಬೇಲಿಯಾಚೆ ಎಲ್ಲೋ ಚಿಲಕ ಬಿದ್ದ ಸದ್ದಾಯಿತು.

“ಯಾವ ಅಮ್ಮ? ಅವಳು ಪಕ್ಕದ ಮನೆ ಸುಬ್ಬಿ! ಈ ಗಿಡ ಕೀಳಿಸ್ಬೇಕು ಅಂತ ನಮ್ಮ ಮೇಲೆ ಕೋರ್ಟಿಗೆ ಹೋಗಿ, ಮೊನ್ನೆಯಷ್ಟೇ ಸೋತು ಬಂದವಳು!”