ಕಾಲರಿನ ನಾಲ್ಕು ಕೂದಲು

"ಇಷ್ಟು ಅಗ್ಗಕ್ಕೆ ತುಪ್ಪಳದ ಜಾಕೆಟ್ ಯಾರು ಕೊಡ್ತಾರೆ? ನಿಂಗೆ ಟೋಪಿ ಹಾಕಿದಾರೆ ಕಣೆ, ಇದು ಡೂಪ್ಲಿಕೇಟು!"

ಬೆಳಗಿನಿಂದ ಅತ್ತೆಯದು ಇದೇ ರಾಗ. ವೈಜಯಂತಿಗೆ ಸಾಕುಸಾಕಾಗಿತ್ತು.

"ಡೂಪ್ಲಿಕೇಟೇ ಬೇಕು ಅಂತ ಕೇಳಿ ತಂದಿದ್ದು, ಅತ್ತೆ. ನನ್ನ ಶೋಕಿಗೆ ಯಾವ ಪ್ರಾಣಿಯ ಚರ್ಮವನ್ನೂ ಸುಲಿಯೋದು ಬೇಡ. ಬ್ರ್ಯಾಂಡೂ ನಕಲಿ, ತುಪ್ಪಳವೂ ನಕಲಿ. ಆಯ್ತಾ?"

ಅತ್ತೆ ಕೇಳಬೇಕಲ್ಲ! ರೇಷ್ಮೆ ಸೀರೆ ಕೊಂಡಾಗಲೆಲ್ಲ ಸೆರಗಿನ ಎಳೆ ಕಿತ್ತು, ಸುಟ್ಟು, ಮೂಸಿ ನೋಡುವವರು ಅವರು. ಕಾಲರಿನಿಂದಲೂ ನಾಲ್ಕು ಕೂದಲು ಕಿತ್ತು ಬೆಂಕಿಕಡ್ಡಿ ಗೀರಿದರು.

"ಸುಡಿ, ಸುಡಿ. ಪ್ಲಾಸ್ಟಿಕ್ಕು ಕರಗಿ ಕೈಗೆ ಅಂಟುತ್ತೆ," ಎಂದು ವೈಜಯಂತಿ ಸಿಡುಕಿದಳು.

ಕರಗಲಿಲ್ಲ. ಚುರ್ರೆಂದು ಉರಿದು, ತಲೆಗೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

ಅತ್ತೆಯ ಮುಖ ಅರಳಿತು. "ನೀನು ಮೋಸ ಹೋಗಿಲ್ಲ ಕಣೆ. ಅಪ್ಪಟ ಅಸಲಿ!"